ಬಣ್ಣದ ತೂಕ

ತಿಲಕ ರಸ್ತೆಯ ಅಂಗಡಿಯಲ್ಲಿ ಓಗಲೆ
ಅದನ್ನು ಕಿರುಬೆರಳಿಗೆ ನೇತುಹಾಕಿ ತೋರಿಸಿದ.
ಕಪ್ಪು. ಬಾಣಲೆಯ ತಳದ ಕಪ್ಪಲ್ಲ,
ಹೊಸ ಕೊಡೆಯ ಒಳಮೈಯ ಕಪ್ಪು.
ಚಕ್ರವಿಲ್ಲ, ಸೀಟಿಲ್ಲ, ಹ್ಯಾಂಡಲ್ಲಿಲ್ಲ,
ಕಾರ್ಬನ್ನಿನ ಬರೀ ಫ್ರೇಮು.
"ಏಳುನೂರ ಎಂಬತ್ತು ಗ್ರಾಂ, ಸಾಹೇಬ್. ಹಿಡೀರಿ."
ಹಿಡಿದೆ. ಕೈ ತಾನಾಗಿ ಮೇಲಕ್ಕೆ ಹೋಯಿತು,
ಇದೆಯೆಂದು ಕಾಲಿಟ್ಟಲ್ಲಿ
ಮೆಟ್ಟಿಲು ಇಲ್ಲದ ಹಾಗೆ.

ತೂಕ ನನ್ನ ಕಸುಬು.
ಮಾರ್ಕೆಟ್ ಯಾರ್ಡಿನ ಈರುಳ್ಳಿ ಕಾಟಾದಿಂದ
ರವಿವಾರ ಪೇಟೆಯ ಚಿನ್ನದ ತಕ್ಕಡಿಯವರೆಗೆ
ಇಪ್ಪತ್ತಾರು ವರ್ಷ
ಮುಳ್ಳನ್ನು ಸೊನ್ನೆಗೆ ತರುತ್ತ ಬಂದವನು.
ನನ್ನ ಸೈಕಲ್ಲು ಉಕ್ಕಿನದು, ಅದರ ಫ್ರೇಮು
ಸಾವಿರದ ಒಂಬೈನೂರ ಹತ್ತು.
ಉಳಿಯುವುದು ಸಾವಿರದ ನೂರ ಮೂವತ್ತು ಗ್ರಾಂ.
ಬೆಲೆ ಎರಡು ಲಕ್ಷ ಎಂಬತ್ತೆರಡೂವರೆ ಸಾವಿರ.
ಗ್ರಾಮಿಗೆ ಇನ್ನೂರೈವತ್ತು ರೂಪಾಯಿ,
ಲೆಕ್ಕ ಬಾಯಲ್ಲೇ ಬಂತು, ನಾಚಿಕೆಯೂ ಬಂತು.

ರಾತ್ರಿ ಇಂದುಮತಿ ಭಕ್ರಿ ತಟ್ಟುತ್ತ ಕೇಳಿದಳು.
"ಒಂದ್ ಲೀಟರ್ ಬಾಟ್ಲಿ ಮನ್ಯಾಗ ಬಿಟ್ಟ್ ಹೋಗ್ರಿ,
ಅಷ್ಟ ಹಗೂರಾತು.
ಇನ್ನೂ ಬೇಕಂದ್ರ ಆ ಹೊಟ್ಟಿ ಐತಲ್ಲ,
ಅದಕ್ಕೇನ್ ರೊಕ್ಕ ಕೊಡೂದ್ ಬ್ಯಾಡ."
ಉತ್ತರ ನನ್ನಲ್ಲಿರಲಿಲ್ಲ.
ಸಿಂಹಗಡದ ಏರಿನಲ್ಲಿ ಪ್ರತಿ ಭಾನುವಾರ
ಭರೂಚಾ ನನ್ನನ್ನು ಹಿಂದೆ ಹಾಕುತ್ತಾನೆ, ಅರವತ್ತೆರಡರ ಮುದುಕ,
ಶಿಳ್ಳೆ ಹಾಕುತ್ತ. ಅದನ್ನು ಹೇಳಲಿಲ್ಲ.

ಸಾವಿರದ ನೂರ ಮೂವತ್ತು.
ಎಲ್ಲೋ ಕೇಳಿದ ಅಂಕಿ ಅನ್ನಿಸಿ ನಿದ್ದೆ ಬರಲಿಲ್ಲ.
ಮೂರು ಗಂಟೆಗೆ ನೆನಪಾಯಿತು.
ಸಸೂನ್ ಆಸ್ಪತ್ರೆ, ಗಾಜಿನ ಪೆಟ್ಟಿಗೆ,
ಆಭಾಳ ಕಾಲಿಗೆ ಕಟ್ಟಿದ ಚೀಟಿಯಲ್ಲಿ
ಬರೆದದ್ದು ಅಷ್ಟೇ.

ದಿನಾ ಬೆಳಗ್ಗೆ ಏಳಕ್ಕೆ ತೂಗುತ್ತಿದ್ದರು.
ಹದಿನೇಳನೆಯ ದಿನ ಇಪ್ಪತ್ತು ಗ್ರಾಂ ಏರಿತು.
ಇಂದುಮತಿ ವಾರ್ಡಿಗೆಲ್ಲ ಪೇಢೆ ಹಂಚಿದಳು,
ಕಸ ಗುಡಿಸುವವಳಿಗೆ ಎರಡು.
ಸಂಜೆ, ಸಿಸ್ಟರ್ ಗಾಯಕವಾಡ ಚಹಾಕ್ಕೆ ಹೋದಾಗ,
ಸುಮ್ಮನೆ, ಕೈ ಕೇಳಲಿಲ್ಲ,
ಒಂದು ಕಿಲೋದ ಹಿತ್ತಾಳೆ ಬಟ್ಟು ಕರವಸ್ತ್ರದಲ್ಲಿ ಸುತ್ತಿ
ಆ ಕಾಟಾದ ಮೇಲೆ ಮಲಗಿಸಿದೆ.
ಸಾವಿರದ ಇಪ್ಪತ್ತು ಅಂದಿತು.

ಇಡೀ ಕಸುಬಿನಲ್ಲಿ ಅದೊಂದು ರಾತ್ರಿ
ಸುಳ್ಳು ಕಾಟಾ ಹಾಗೇ ಬಿಟ್ಟು ಬಂದೆ.
ಬೆಳಗ್ಗೆ ಆರಕ್ಕೆ ಹೋಗಿ ಸರಿಮಾಡಿದೆ.
ಏಳಕ್ಕೆ ತೂಗಿದರು.
"ಇಳದೈತಂತ" ಅಂದಳು ಇವಳು.
ನಾನು ಕಿಟಕಿಯಾಚೆ ರಿಕ್ಷಾಗಳನ್ನು ಎಣಿಸುತ್ತಿದ್ದೆ.

ಆಭಾ ಈಗ ಕಾಲೇಜಿನ ಪರವಾಗಿ
ನಾಲ್ಕು ಕಿಲೋ ಗುಂಡು ಎಸೆಯುತ್ತಾಳೆ.
"ತಗೋ ಅಪ್ಪಾ, ಏನಾಗಲ್ಲ" ಅನ್ನುತ್ತಾಳೆ,
ಅದೂ ಫೋನು ನೋಡುತ್ತಲೇ.

ಮತ್ತೆ ಹೋದೆ, ಈ ಸಲ ಪೆಟ್ಟಿಗೆ ಸಮೇತ.
ಓಗಲೆಯ ಕಾಟಾ ಮೊದಲು ಪರೀಕ್ಷಿಸಿದೆ: ನೆಟ್ಟಗಿತ್ತು.
ಆಮೇಲೆ ಫ್ರೇಮು.
ಎಂಟುನೂರ ಹನ್ನೆರಡು.
ಅವನ ಕಿವಿ ಕೆಂಪಾಯಿತು. "ಕ್ಯಾಟಲಾಗಿನದು, ಸಾಹೇಬ್,
ಬಣ್ಣ ಬಳಿಯುವ ಮೊದಲಿನ ತೂಕ."
ಮೂವತ್ತೆರಡು ಗ್ರಾಂ ಬಣ್ಣ!
ನಗು ತಡೆಯಲಾಗಲಿಲ್ಲ, ಅವನೂ ನಕ್ಕ,
ಗ್ರಾಮಿಗೆ ಇನ್ನೂರೈವತ್ತೇಳಾಯಿತು.

ಈ ಭಾನುವಾರ ಗಡದ ಬುಡದಲ್ಲಿ
ಬಾಟಲಿಯ ನೀರು ಒಂದು ಕರವಂದದ ಪೊದೆಗೆ ಸುರಿದೆ,
ಇವಳ ಮಾತನ್ನೂ ಪರೀಕ್ಷಿಸಬೇಕಲ್ಲ.
ಹಗುರ ಏನೂ ಅನ್ನಿಸಲಿಲ್ಲ, ಬಾಯಾರಿತು.
ಭರೂಚಾನ ಶಿಳ್ಳೆ ಎರಡು ತಿರುವು ಮೇಲೆ ಕೇಳುತ್ತಿತ್ತು.
ತಲೆಯ ಮೇಲೆ ಮೊಸರಿನ ಕುಡಿಕೆಗಳ ಬುಟ್ಟಿ ಹೊತ್ತವಳು,
ಹನ್ನೆರಡು ಕಿಲೋಗೆ ಕಮ್ಮಿಯಿಲ್ಲ, ಕಣ್ಣಿಗೇ ಗೊತ್ತಾಗುತ್ತದೆ,
ನನ್ನ ಪಕ್ಕ ನಿಂತು ಚಕ್ರ ನೋಡಿ ಕೇಳಿದಳು:
"ಹವಾ ಕಮಿ ಆಹೆ ಕಾ?"
ಹೌದಕ್ಕಾ, ಅಂದೆ, ಕನ್ನಡದಲ್ಲೇ.

ನಿನ್ನೆ ಐದು ಸಾವಿರ ಮುಂಗಡ ಕೊಟ್ಟು ಬಂದೆ.
ರಸೀದಿ ಬಟ್ಟಿನ ಪೆಟ್ಟಿಗೆಯಲ್ಲಿದೆ,
ಒಂದು ಕಿಲೋದ ಅಡಿಗೆ.
ಇಂದುಮತಿಗೆ ಇನ್ನೂ ಹೇಳಿಲ್ಲ.
ಪೇಢೆಯ ವಿಷಯವನ್ನೂ.